ಚೀಟಿಯ ಮೇಲಿನ ಊರು

ನಮ್ಮ ಪ್ರಯೋಗಾಲಯಕ್ಕೆ ಕಂಪ್ಯೂಟರ್ ಬಂದ ದಿನ ಮೊದಲು ಜಾಗ ಕಳೆದುಕೊಂಡದ್ದು ನನ್ನ ಮೈಕ್ರೋಸ್ಕೋಪ್. ಕಿಟಕಿ ಪಕ್ಕದ ಮೇಜು ಹದಿನೆಂಟು ವರ್ಷದಿಂದ ನನ್ನದು. ಪ್ಲಗ್ಗೂ ಟೆಲಿಫೋನ್ ತಂತಿಯೂ ಆ ಗೋಡೆಯಲ್ಲೇ ಇದ್ದುದರಿಂದ ಮೇಜು ಕಂಪ್ಯೂಟರಿಗೆ ಹೋಯಿತು, ನಾನು ಸಿಂಕಿನ ಪಕ್ಕಕ್ಕೆ ಹೋದೆ. "ನಿಮ್ಮದಕ್ಕೆ ಬಲ್ಬ್ ಇದೆಯಲ್ಲ ಮೇಡಂ, ಎಲ್ಲಿಟ್ಟರೂ ನಡೆಯುತ್ತೆ" ಎಂದರು ವೈದ್ಯಾಧಿಕಾರಿಗಳು. ಅವರು ಹೇಳಿದ್ದು ನಿಜವೇ. ಆದರೂ ಆ ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯಲಿಲ್ಲ.

ಕುದುರೆಮುಖದ ಗಣಿ ನಿಂತು ಹೆಚ್ಚು ದಿನವಾಗಿರಲಿಲ್ಲ. ನಮ್ಮದು ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯಲ್ಲಿದ್ದ ಸಣ್ಣ ಸರ್ಕಾರಿ ಆಸ್ಪತ್ರೆ. ಕಂಪ್ಯೂಟರಿನ ಹಿಂದೆಯೇ ಒಬ್ಬ ಹುಡುಗನೂ ಬಂದ, ಗುತ್ತಿಗೆಯ ಮೇಲೆ ನೇಮಕವಾದ ಕಿರಿಯ ಟೆಕ್ನಿಷಿಯನ್. ಅಪ್ಪ ಗಣಿಯಲ್ಲಿ ಕೆಲಸದಲ್ಲಿದ್ದವರು. ಟೌನ್‌ಶಿಪ್ಪಿನ ಶಾಲೆಯಲ್ಲೇ ಕಂಪ್ಯೂಟರ್ ಕಲಿತು, ಆಮೇಲೆ ಲ್ಯಾಬ್ ಡಿಪ್ಲೊಮಾ ಮಾಡಿಕೊಂಡಿದ್ದ. ಗುತ್ತಿಗೆ ಮಾರ್ಚ್‌ವರೆಗೆ ಮಾತ್ರ. ಮುಂದುವರಿಸುವುದು ಬಿಡುವುದು ಜಿಲ್ಲೆಯವರ ಕೈಯಲ್ಲಿತ್ತು. ಮೊದಲ ದಿನವೇ ನನ್ನನ್ನು "ಅಕ್ಕ" ಎಂದ. ನಾನು "ಮೇಡಂ ಅಂದ್ರೆ ಸಾಕು" ಎಂದೆ. ಅವನು ನಕ್ಕು ಅಕ್ಕ ಎಂದೇ ಮುಂದುವರಿಸಿದ.

ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಇದ್ದದ್ದು ಅದೇ.

ಅದಕ್ಕೆ ಮುಂಚಿನ ಪದ್ಧತಿ ಹೇಳದಿದ್ದರೆ ನನ್ನ ಉರಿ ಅರ್ಥವಾಗುವುದಿಲ್ಲ. ಜ್ವರ ಬಂದವರ ಬೆರಳು ಚುಚ್ಚಿ, ಒಂದೇ ಗಾಜಿನ ಮೇಲೆ ದಪ್ಪಗೊಂದು ತೆಳ್ಳಗೊಂದು ರಕ್ತದ ಲೇಪ ಮಾಡುತ್ತೇವೆ. ವೈದ್ಯರು ಆ ಹೊತ್ತಿಗೆ, ಮಲೇರಿಯ ಇದ್ದರೂ ಇರಬಹುದೆಂದು, ಕ್ಲೋರೋಕ್ವಿನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಸ್ಲೈಡ್ ಒಣಗಿ, ಬಣ್ಣ ಹಿಡಿದು, ಎಣ್ಣೆ ಹಾಕಿ ನೋಡಿ ಮುಗಿಸುವ ಹೊತ್ತಿಗೆ ಮಾರನೆಯ ದಿನ. ರೋಗಿ ಅಷ್ಟರಲ್ಲಿ ತೋಟದ ಜೀಪು ಹತ್ತಿ ಹೋಗಿಯಾಗಿರುತ್ತದೆ. ಮಲೇರಿಯ ಎಂದು ಖಚಿತವಾದರೆ ಆ ಮನೆ ಹುಡುಕಿಕೊಂಡು ಹೋಗಿ ಪೂರ್ತಿ ಚಿಕಿತ್ಸೆ ಕೊಡಬೇಕು, ಸುತ್ತಲಿನವರ ರಕ್ತ ತೆಗೆಯಬೇಕು, ಸೊಳ್ಳೆ ಹುಟ್ಟುವ ನೀರು ಎಲ್ಲಿದೆ ನೋಡಬೇಕು. ಹಾಗಾಗಿ ಸಂಜೆ ನಾಲ್ಕಕ್ಕೆ ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್ ಬೈಕು ನಿಲ್ಲಿಸಿ, ಚಹಾ ಹಿಡಿದು ನನ್ನ ಮೇಜಿಗೆ ಒರಗಿ, "ಇವತ್ತೆಂತ ಸಿಕ್ಕಿತು ಮಾರಾಯ್ರೆ?" ಎನ್ನುತ್ತಿದ್ದರು. ನಾನು ರಿಜಿಸ್ಟರ್ ನೋಡದೆ ಹೇಳುತ್ತಿದ್ದೆ: ಇಂಥ ತೋಟ, ಆಳುಗಳ ಸಾಲುಮನೆಗಳಲ್ಲಿ ಕೆಳಗಿನ ಲೈನು, ಕೊನೆಯ ಬಾಗಿಲು. ಮರುದಿನ ಅವರು ಮಾತ್ರೆ ಹಿಡಿದು ಅಲ್ಲಿರುತ್ತಿದ್ದರು. ಇಡೀ ಬಾಳೂರು ಕಡೆಯ ಜ್ವರ ನನ್ನ ಬಾಯಿಯಿಂದ ಹೊರಟು ಅವರ ಬೈಕಿನಲ್ಲಿ ಹೋಗುತ್ತಿತ್ತು. ಅದರಲ್ಲಿ ನನಗೊಂದು ದೊಡ್ಡಸ್ತಿಕೆ ಇತ್ತು, ಇಲ್ಲ ಎನ್ನಲಾರೆ.

ಹೊಸ ಆದೇಶ ಬಂತು. ಇನ್ನು ಮೇಲೆ ಬಾಯಿಮಾತು ಬೇಡ. ಲ್ಯಾಬ್ ಫಲಿತಾಂಶವೆಲ್ಲ ಕಂಪ್ಯೂಟರಿನ ಹಾಳೆಗೆ ಸೇರಿ, ಸೋಮವಾರ ಟೆಲಿಫೋನ್ ತಂತಿಯ ಇಂಟರ್ನೆಟ್‌ನಲ್ಲಿ ಜಿಲ್ಲೆಗೆ ಹೋಗಬೇಕು. ಅಲ್ಲಿ ಊರುವಾರು ವಿಂಗಡಿಸಿ, ಆಯಾ ಊರಿನ ಆರೋಗ್ಯ ಕಾರ್ಯಕರ್ತರಿಗೆ ಪಟ್ಟಿ ಕಳಿಸುತ್ತಾರೆ. ಇನ್ಸ್‌ಪೆಕ್ಟರಿಗೂ ಪಟ್ಟಿ ಅಲ್ಲಿಂದಲೇ. ಅವರು ಸಂಜೆ ಬರುವುದು ಕಡಿಮೆಯಾಯಿತು. ಬಂದರೂ ಹುಡುಗನ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಎನ್ನುತ್ತಾರಲ್ಲ, ನಾನು ಸಿಂಕಿನ ಪಕ್ಕದಲ್ಲೇ ಕೂತಿದ್ದೆ.

ಹುಡುಗ ಕೆಲಸಗಳ್ಳನಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಅವನು ಹಾಗಿರಲಿಲ್ಲ. ಕರೆಂಟು ಹೋದರೆ ಯುಪಿಎಸ್ ಕಿರುಚುವ ಐದಾರು ನಿಮಿಷದಲ್ಲಿ ಎಲ್ಲವನ್ನೂ ಉಳಿಸಿಕೊಳ್ಳುತ್ತಿದ್ದ. ಫೋನಿನ ಲೈನ್ ಸಿಗದಿದ್ದರೆ ಫ್ಲಾಪಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿ ಮೂಡಿಗೆರೆಗೆ ಹೋಗಿ ಕಳಿಸಿ ಬರುತ್ತಿದ್ದ. ಒಮ್ಮೆ ಜಿಲ್ಲಾ ಅಧಿಕಾರಿಗಳು ಭೇಟಿಗೆ ಬಂದರು. ಅವನ ಬೆನ್ನು ತಟ್ಟಿ, "ಸೋಮವಾರ ಮೊದಲು ತಲುಪೋ ವರದಿ ನಿಮ್ಮದೇ ಕಣ್ರೀ" ಎಂದರು. ಅವನು ಥಟ್ಟನೆ, "ಸರ್, ಸ್ಲೈಡ್ ನೋಡೋದೆಲ್ಲ ಅಕ್ಕನೇ" ಎಂದ. ಅಧಿಕಾರಿಗಳು ನನ್ನ ಕಡೆ ತಿರುಗಿ, "ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ?" ಎಂದರು.

ನೀರು ಕೊಟ್ಟೆ. ಅವತ್ತಿನಿಂದ ಅವನು ತಪ್ಪು ಮಾಡುವುದನ್ನೇ ಕಾಯತೊಡಗಿದೆ.

ಡಿಸೆಂಬರ್ ಬಂತು. ಅರೇಬಿಕಾ ಕಾಫಿ ಹಣ್ಣಿನ ಕೊಯ್ಲಿಗೆ ರಾಯಚೂರು ಕಡೆಯಿಂದ ಲಾರಿ ತುಂಬ ಜನ ಬಂದಿಳಿದರು. ಒಂದು ಮಂಗಳವಾರ ಅವರಲ್ಲೊಬ್ಬ ಹೆಂಗಸು ನಡುಗುತ್ತ ಬಂದಳು, ಕೈಯಲ್ಲಿ ತೋಟದ ರೈಟರ್ ಕೊಟ್ಟ ಚೀಟಿ. ಆಳುಗಳ ಹಾಜರಿ ನೋಡುವ ರೈಟರ್, ಕಾಯಿಲೆಯವರನ್ನು ಕಳಿಸುವಾಗ ಹೀಗೊಂದು ಚೀಟಿ ಬರೆದು ಕೊಡುವುದು ನಮ್ಮ ಕಡೆ ರೂಢಿ. 'ಈ ಆಳಿಗೆ ಜ್ವರ, ದಯವಿಟ್ಟು ನೋಡಿ ಔಷಧಿ ಕೊಡಿ' ಎಂದು ಬರೆದಿತ್ತು. ಮೇಲೆ ಧಣಿಗಳ ಹೆಸರು, ಕೆಳಗೆ ಅಚ್ಚಾದ ಊರು: ವಸ್ತಾರೆ.

ಚೀಟಿ ಬರೆಯುವುದು ಧಣಿಗಳ ಮನೆಯ ಕಾಗದದ ಮೇಲೆ. ಅದರಲ್ಲಿ ಅಚ್ಚಾಗಿರುವುದು ಧಣಿಗಳು ವಾಸವಿರುವ ಊರು. ಇವರ ಮನೆ ವಸ್ತಾರೆಯಲ್ಲಿ, ಚಿಕ್ಕಮಗಳೂರಿನ ಹತ್ತಿರ. ತೋಟ ಮಾತ್ರ ಬಾಳೂರಿನ ಮೇಲೆ, ಬೆಟ್ಟದ ಬೆನ್ನಿನಲ್ಲಿ. ನಮ್ಮ ಕಡೆಯ ಹಳಬರಿಗೆಲ್ಲ ಗೊತ್ತಿರುವ ಸಂಗತಿಯಾದ್ದರಿಂದ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ನಾನು ಅವಳ ಬೆರಳು ಒರೆಸುತ್ತ, ಚುಚ್ಚುವಾಗ ಹೆದರದಿರಲಿ ಎಂದು ಮಾತಿಗೆಳೆದೆ. "ರಾತ್ರಿ ಎಲ್ಲಿ ಮಲಗ್ತೀರವ್ವ?"

"ಮ್ಯಾಲಿನ ಲೈನ್ದಾಗ್ರಿ. ಸಿಮೆಂಟಿನ ತೊಟ್ಟಿ ಐತಲ್ರಿ, ಅದರ ಹಿಂದ. ನಾನು, ನನ್ನ ಮಗಳು."

ಮರುದಿನ ಸ್ಲೈಡ್ ನೋಡಿದೆ. ದಪ್ಪ ಲೇಪದಲ್ಲಿ ಸಣ್ಣ ಸಣ್ಣ ಉಂಗುರಗಳು, ಜೊತೆಗೆ ಬಾಗಿದ ಬಾಳೆಕಾಯಿಯಂಥವು ನಾಲ್ಕಾರು. ಮಲೇರಿಯದಲ್ಲೇ ಕೆಟ್ಟ ಜಾತಿಯದು. ಆ ಬಾಳೆಕಾಯಿಗಳೇ ಸೊಳ್ಳೆಯ ಹೊಟ್ಟೆ ಸೇರಿ ಇನ್ನೊಬ್ಬರಿಗೆ ಹರಡುವುದು. ಅವಳಿಗೆ ಕೊಟ್ಟಿದ್ದ ಕ್ಲೋರೋಕ್ವಿನ್ ಅವನ್ನು ಏನೂ ಮಾಡುವುದಿಲ್ಲ. ಅವಕ್ಕೆ ಪ್ರೈಮಾಕ್ವಿನ್ ಎಂಬ ಬೇರೆ ಮಾತ್ರೆ ಬೇಕು, ಅದನ್ನು ಯಾರಾದರೂ ಅವಳಿರುವಲ್ಲಿಗೆ ಒಯ್ದು ಕೊಡಬೇಕು. ರಿಜಿಸ್ಟರಿನಲ್ಲಿ ಫಲಿತಾಂಶ ಬರೆದು ಹುಡುಗನ ಮುಂದಿಟ್ಟೆ. ಊರಿನ ಕಾಲಮಿಗೆ ಬಂದಾಗ ಅವನು ಚೀಟಿ ಎತ್ತಿಕೊಂಡ. ಪರದೆಯಲ್ಲಿ ಊರುಗಳ ಪಟ್ಟಿ ಇಳಿಯಿತು. ಅದರಲ್ಲಿ ತೋಟಗಳಿಲ್ಲ, ಲೈನುಗಳಿಲ್ಲ, ಬರೀ ಹಳ್ಳಿಗಳು. ಅವನು 'ವಸ್ತಾರೆ' ಆರಿಸಿ ಒತ್ತಿದ.

ನಾನು ಅವನ ಹಿಂದೆಯೇ ನಿಂತಿದ್ದೆ. 'ಅದಲ್ಲ ಮಾರಾಯ' ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಅವನು ತಿರುಗಿ, "ಅಕ್ಕ, ಸರಿ ಇದೆ ಅಲ್ವಾ?" ಎಂದು ಕೇಳಿದ.

"ಚೀಟೀಲಿ ಏನಿದೆಯೋ ಅದನ್ನೇ ಹಾಕು" ಎಂದೆ.

ಸುಳ್ಳು ಹೇಳಲಿಲ್ಲವಲ್ಲ ಎಂದು ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದೆ. ಒಂದು ವಾರ ಹೋಗಲಿ, ವಸ್ತಾರೆಯಲ್ಲಿ ಯಾರೂ ಸಿಗುವುದಿಲ್ಲ, ಜಿಲ್ಲೆಯಿಂದ ಫೋನು ಬರುತ್ತದೆ, ಎಲ್ಲರೂ ನನ್ನ ಮುಖ ನೋಡುತ್ತಾರೆ, ಆಗ ಹೇಳಿದರಾಯಿತು ಎಂದುಕೊಂಡೆ. ಫೋನು ಬರಲಿಲ್ಲ. ವಸ್ತಾರೆ ಕಡೆಯ ಕಾರ್ಯಕರ್ತರು ಹುಡುಕಿ ನೋಡಿ, 'ವಿಳಾಸದಲ್ಲಿ ಇಲ್ಲ, ಊರು ಬಿಟ್ಟಿದ್ದಾರೆ' ಎಂದು ಬರೆದು ಕಳಿಸಿದ್ದರು. ಕೊಯ್ಲಿನ ಆಳುಗಳ ವಿಷಯದಲ್ಲಿ ಅದು ಯಾರಿಗೂ ಅನುಮಾನ ಬಾರದ ಉತ್ತರ.

ಎರಡನೆಯ ಸೋಮವಾರ ಅದೇ ತೋಟದ ಇನ್ನೊಬ್ಬ ಆಳು, ಮತ್ತೆ ಅದೇ ಚೀಟಿ, ಮತ್ತೆ ವಸ್ತಾರೆ. ಆ ವಾರ ಇನ್ಸ್‌ಪೆಕ್ಟರ್ ಬಹಳ ದಿನಕ್ಕೆ ನನ್ನ ಮೇಜಿನ ಹತ್ತಿರ ಬಂದರು. "ಬಾಳೂರು ಕಡೆ ಎಂತದೂ ಇಲ್ಲವಾ ಮಾರಾಯ್ರೆ? ಪಟ್ಟಿಯಲ್ಲಿ ಒಂದೂ ಕಾಣಲ್ಲ."

"ನನ್ನನ್ನೆಂತ ಕೇಳ್ತೀರಿ? ಕಂಪ್ಯೂಟರನ್ನ ಕೇಳಿ" ಎಂದೆ.

ಅವರು ನಕ್ಕು ಹೋದರು. ಆ ಮಾತು ಆಡಿದ ಮೇಲೆ ಹಿಂದಕ್ಕೆ ಬರುವುದು ಇನ್ನೂ ಕಷ್ಟವಾಯಿತು. ಈಗ ಬಾಯಿ ಬಿಟ್ಟರೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಹುಡುಗನ ತಪ್ಪು ದೊಡ್ಡದಾಗಲಿ ಎಂದು ಕಾದೆ, ಅದರ ಜೊತೆಗೆ ನನ್ನದೂ ಬೆಳೆಯುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ಯಾರು ಎಂಬುದನ್ನು ಮಾತ್ರ ನಾನು ಯೋಚಿಸುತ್ತಿರಲಿಲ್ಲ. ಮೂರನೆಯ ಸೋಮವಾರವೂ ಹಾಗೆಯೇ ಕಳೆಯಿತು.

ನಾಲ್ಕನೆಯ ಸೋಮವಾರ ನಾನು ಕಾಯುತ್ತಿದ್ದದ್ದು ಬಂತು. ಜಿಲ್ಲೆಯಿಂದ ಹುಡುಗನ ಹೆಸರಿಗೆ ಮೆಮೊ. ವಸ್ತಾರೆಯೆಂದು ತೋರಿಸಿದ ರೋಗಿಗಳಲ್ಲಿ ಒಬ್ಬರೂ ಅಲ್ಲಿ ಸಿಕ್ಕಿಲ್ಲ, ವರದಿಗಳು ವಿಶ್ವಾಸಾರ್ಹವಲ್ಲ, ಗುತ್ತಿಗೆ ಮುಂದುವರಿಸುವ ಮುನ್ನ ಲಿಖಿತ ಸಮಜಾಯಿಷಿ ಕೊಡಬೇಕು. ಅವನು ಅದನ್ನು ಎರಡು ಸಲ ಓದಿ ಮಡಿಸಿ ಜೇಬಿಗಿಟ್ಟುಕೊಂಡ. ಮುಖ ಬಿಳಿಚಿಕೊಂಡಿತ್ತು. ನನಗೆ ಖುಷಿಯಾಯಿತು. ಈ ಮಾತು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಖುಷಿಯಾಯಿತು, ಹಬ್ಬದ ದಿನದ ಹಾಗೆ.

ಆ ಖುಷಿ ಮುಕ್ಕಾಲು ಗಂಟೆ ಇತ್ತು. ಹನ್ನೊಂದೂವರೆಗೆ ಅದೇ ಹೆಂಗಸು ಬಂದಳು. ಗಲ್ಲದ ಮೂಳೆ ಎದ್ದು ಕಾಣುತ್ತಿತ್ತು. ಸೊಂಟದ ಮೇಲೆ ಏಳು ವರ್ಷದ ಮಗಳು. ಸೊಂಟದ ಮೇಲೆ ಕೂರುವ ವಯಸ್ಸಲ್ಲ ಅದು, ನಡೆಯಲಾಗದೆ ಎತ್ತಿಕೊಂಡು ಬಂದಿದ್ದಳು. ಮಗುವಿನ ಮೈ ಮುಟ್ಟಿದರೆ ಸುಡುತ್ತಿತ್ತು.

"ನಂದು ಮಾತ್ರಿ ತಗೊಂಡ್ ಮ್ಯಾಲ ಹೋಗಿತ್ರಿ. ಮತ್ತ ಬಂದೈತಿ. ಈಗ ಇದಕೂ ಬಂತು. ಆವತ್ತು ರಕ್ತ ತಗೊಂಡಿದ್ರಲ್ರಿ, ಅದರಾಗ ಏನೂ ಇರಲಿಲ್ಲೇನು?"

"ನೋಡ್ತೀನಿ" ಎಂದೆ. ಅವರನ್ನು ಬೆಂಚಿನ ಮೇಲೆ ಕೂರಿಸಿ, ಮಗುವಿನ ಸ್ಲೈಡನ್ನು ಆಗಲೇ ಬಣ್ಣಕ್ಕೆ ಹಾಕಿದೆ. ನೂರು ಜಾಗ ನೋಡಬೇಕೆಂದು ನಿಯಮ. ನಾಲ್ಕನೆಯದರಲ್ಲೇ ಉಂಗುರಗಳು ಕಂಡವು. ಒಂದೊಂದು ಕಣದಲ್ಲಿ ಎರಡೆರಡು. ಕಣ್ಣು ಎತ್ತಿದಾಗ ಹುಡುಗ ಆಗಲೇ ಹೊಸ ಸಾಲು ತೆರೆದು ಚೀಟಿಗೆ ಕೈ ಚಾಚಿದ್ದ.

"ತಡಿ. ವಸ್ತಾರೆ ಹಾಕಬೇಡ" ಎಂದೆ.

"ಚೀಟೀಲಿ ಅದೇ ಇದೆಯಲ್ಲ ಅಕ್ಕ?"

"ಅದು ಧಣಿಗಳ ಮನೆ. ಇವರು ಇರೋದು ಬಾಳೂರಿನ ಮೇಲೆ. ನಾಲ್ಕು ವಾರದಿಂದ ನೀನು ಹಾಕಿದ್ದೆಲ್ಲ ಅಲ್ಲಿಯವರೇ."

ಅವನ ಬೆರಳು ನಿಂತಿತು. ಎದ್ದು ಹೋಗಿ ಇನ್ಸ್‌ಪೆಕ್ಟರಿಗೆ ಫೋನು ಮಾಡಿದ. ನನಗೆ ಮೊದಲಿಂದಲೂ ಗೊತ್ತಿತ್ತೆಂಬುದು ಅವನಿಗೆ ಆಗ ಹೊಳೆಯಲಿಲ್ಲ. ಈಗ ತಾನೇ ನನಗೂ ಗೊತ್ತಾಯಿತು ಎಂದುಕೊಂಡಿದ್ದ.

ತಾಯಿ ಮಗಳಿಗೆ ವೈದ್ಯರು ಪೂರ್ತಿ ಚಿಕಿತ್ಸೆ ಶುರುಮಾಡಿದರು. ಮಧ್ಯಾಹ್ನ ಎರಡಕ್ಕೆ ನಾನು, ಹುಡುಗ, ಇನ್ಸ್‌ಪೆಕ್ಟರ್ ಮೂವರೂ ಜೀಪಿನಲ್ಲಿ ಹೊರಟೆವು. ಮೇಲಿನ ಲೈನಿನಲ್ಲಿ ಹನ್ನೆರಡು ಬಾಗಿಲು. ಅದರ ಮುಂದೆ ಕಾಫಿ ಗಿಡಕ್ಕೆ ಔಷಧಿ ಸಿಂಪಡಿಸಲು ನೀರು ಕಟ್ಟುವ ಸಿಮೆಂಟಿನ ತೊಟ್ಟಿ. ಸಿಂಪಡಿಸುವ ಕೆಲಸ ಮುಗಿದು ತಿಂಗಳುಗಳಾಗಿತ್ತು, ನೀರು ಹಾಗೇ ನಿಂತಿತ್ತು. ಇನ್ಸ್‌ಪೆಕ್ಟರ್ ಚಿಪ್ಪಿನಲ್ಲಿ ಮೊಗೆದು ತೋರಿಸಿದರು, ಸೊಳ್ಳೆಮರಿ ಮಿಜಿಮಿಜಿ ಎನ್ನುತ್ತಿದ್ದವು. ನಾನೂ ಹುಡುಗನೂ ಕತ್ತಲಾಗುವ ಮುಂಚೆ ಲೈನಿನ ಅಷ್ಟೂ ಜನರ ರಕ್ತ ತೆಗೆದೆವು. ಇನ್ಸ್‌ಪೆಕ್ಟರ್ ತೊಟ್ಟಿ ಬರಿದು ಮಾಡಿಸಿದರು. ರೈಟರ್ ಪಕ್ಕದಲ್ಲಿ ಕೈಕಟ್ಟಿ ನಿಂತು, "ಇಷ್ಟು ವರ್ಷ ಇದೇ ಚೀಟಿ ಸಾರ್, ಯಾರಿಗೂ ತೊಂದರೆ ಆಗಿರಲಿಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಅವನ ಮಾತು ಸರಿಯಾಗಿತ್ತು, ಇಷ್ಟು ವರ್ಷ ಚೀಟಿಯ ಹಿಂದೆ ನಾನಿದ್ದೆ.

ಆ ಸ್ಲೈಡುಗಳಲ್ಲಿ ಇನ್ನೂ ಐದು ಜನರ ಮಲೇರಿಯ ಪತ್ತೆಯಾಯಿತು. ಎಲ್ಲರಿಗೂ ಮಾತ್ರೆ ತಲುಪಿತು.

ಬುಧವಾರ ಹುಡುಗ ಸಮಜಾಯಿಷಿ ಬರೆದು, ಕನ್ನಡ ತಿದ್ದಿಕೊಡಿ ಎಂದು ನನಗೆ ಕೊಟ್ಟ. 'ಸ್ಥಳೀಯ ಪರಿಸ್ಥಿತಿ ತಿಳಿಯದೆ ನನ್ನಿಂದ ಆದ ತಪ್ಪು. ಹಿರಿಯರು ಸಕಾಲದಲ್ಲಿ ತಿದ್ದಿದ್ದಾರೆ.' ಸಕಾಲದಲ್ಲಿ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಕಾಗದ ಹಿಂದಕ್ಕೆ ಕೊಡದೆ ವೈದ್ಯಾಧಿಕಾರಿಗಳ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು, "ನೀವು ಕಾಯಂ ನೌಕರರು. ಅವನು ಹೇಗೂ ತಪ್ಪು ಒಪ್ಪಿಕೊಂಡಿದ್ದಾನೆ. ಇದನ್ನೆಲ್ಲ ಕಾಗದಕ್ಕೆ ಇಳಿಸಬೇಕಾ?" ಎಂದರು. ಆ ಮಾತಿನಲ್ಲಿ ಒಂದು ಬಾಗಿಲಿತ್ತು, ನಾನು ಒಂದು ಕ್ಷಣ ಅದರತ್ತ ನೋಡಿದ್ದೂ ಹೌದು.

"ಇಳಿಸಬೇಕು ಸರ್" ಎಂದೆ.

ಜಿಲ್ಲೆಗೆ ಹೋಗುವುದೆಲ್ಲ ಕಂಪ್ಯೂಟರಿನಲ್ಲೇ ಹೋಗಬೇಕು, ಕಂಪ್ಯೂಟರಿಗೆ ಇಳಿಸುವವನು ಅವನೊಬ್ಬನೇ. ನಾನು ಪಕ್ಕದಲ್ಲಿ ನಿಂತು ಹೇಳಿದೆ, ಅವನು ಟೈಪ್ ಮಾಡಿದ. ಸರಿಯಾದ ವಿಳಾಸ ನನಗೆ ಮೊದಲ ದಿನವೇ ಗೊತ್ತಿತ್ತು, ಆತ ಕೇಳಿದಾಗಲೂ ಹೇಳಲಿಲ್ಲ, ಇನ್ಸ್‌ಪೆಕ್ಟರ್ ಕೇಳಿದಾಗಲೂ ಹೇಳಲಿಲ್ಲ. ಪಟಪಟ ಓಡುತ್ತಿದ್ದ ಬೆರಳುಗಳು ನಿಧಾನವಾದವು, ಆದರೆ ನಿಲ್ಲಲಿಲ್ಲ. ಕೊನೆಗೆ ಕಳಿಸುವ ಗುಂಡಿ ಒತ್ತಿ, ತಿರುಗದೆ ಕೇಳಿದ: "ಅವ್ರಿಗೆ ಹೇಳಿದ್ರಾ ಅಕ್ಕ? ಆ ಅಮ್ಮಂಗೆ?"

"ಇಲ್ಲ."

"ಜಿಲ್ಲೆಯವ್ರಿಗಿಂತ ಮೊದಲು ಅವ್ರಿಗಲ್ವಾ ಹೇಳಬೇಕಾಗಿದ್ದು?"

ಇಪ್ಪತ್ನಾಲ್ಕು ವರ್ಷದ ಹುಡುಗನಿಗೆ ಅಷ್ಟು ಸುಲಭವಾಗಿ ತೋಚಿದ್ದು ನನಗೆ ತೋಚಿರಲಿಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ನನಗೆ ಲಿಖಿತ ಎಚ್ಚರಿಕೆ ಬಂತು, ಸೇವಾ ಪುಸ್ತಕದಲ್ಲಿ ಇವತ್ತಿಗೂ ಇದೆ. ಅವನ ಗುತ್ತಿಗೆಗೆ ತೊಂದರೆಯಾಗಲಿಲ್ಲ. ಕಂಪ್ಯೂಟರಿನ ಹಾಳೆಯಲ್ಲಿ ಊರಿನ ಪಕ್ಕ ಅವನೇ ಒಂದು ಹೊಸ ಕಾಲಂ ಸೇರಿಸಿದ: 'ರಾತ್ರಿ ಮಲಗುವ ಜಾಗ'. ಜಿಲ್ಲೆಯವರು ಅದನ್ನು ಬೇರೆ ಆಸ್ಪತ್ರೆಗಳಿಗೂ ಹಾಕಿಸಿದರು, ಅವನನ್ನು ಹೊಗಳಿದರು. ಆ ಪ್ರಶ್ನೆ ನನ್ನದು, ಹದಿನೆಂಟು ವರ್ಷ ಬೆರಳು ಚುಚ್ಚುತ್ತ ನಾನು ಕೇಳುತ್ತಿದ್ದದ್ದು. ಬಾಯಿ ಬಿಟ್ಟು ಹಾಗೆನ್ನುವ ಅರ್ಹತೆ ಕಳೆದುಕೊಂಡಿದ್ದೆ.

ಮರುಪರೀಕ್ಷೆಯ ರಕ್ತ ತೆಗೆಯಲು, ಆ ಕಾಗದ ಕಳಿಸಿದ ಮುಂದಿನ ವಾರವೇ ಮೇಲಿನ ಲೈನಿಗೆ ಹೋಗಿದ್ದೆವು. ಮಗು ಎದ್ದು ಓಡಾಡುತ್ತಿತ್ತು. ತಾಯಿ ನಮ್ಮನ್ನು ಕಂಡು ಚಾಪೆ ಹಾಸಿದಳು. ನಾನು ಕೂರಲಿಲ್ಲ.

"ನಿಮ್ಮ ರಕ್ತದಲ್ಲಿ ಮಲೇರಿಯ ಇದೆ ಅಂತ ನನಗೆ ಮೊದಲೇ ಗೊತ್ತಿತ್ತವ್ವ. ನೀವು ಇರೋ ಜಾಗಾನೂ ಗೊತ್ತಿತ್ತು. ಇವನ ಮೇಲಿನ ಹೊಟ್ಟೆಕಿಚ್ಚಿಗೆ ಯಾರಿಗೂ ಹೇಳದೆ ಸುಮ್ಮನಿದ್ದೆ. ನಾಲ್ಕು ವಾರ."

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾರ ನನ್ನ ಮಗಳಿಗೆ ಬಂದಿದ್ದು ಆ ನಾಕ್ ವಾರದಾಗೇನ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು, ಯಾವ ವೈದ್ಯರೂ ಅದನ್ನು ತಪ್ಪು ಎನ್ನುತ್ತಿರಲಿಲ್ಲ. ಆದರೆ ಲೆಕ್ಕ ನನ್ನ ತಲೆಯಲ್ಲಿ ಎಷ್ಟೋ ಸಲ ಆಗಿಹೋಗಿತ್ತು. ಸೊಳ್ಳೆಯ ಹೊಟ್ಟೆಯಲ್ಲಿ ಹತ್ತು ಹನ್ನೆರಡು ದಿನ, ಮನುಷ್ಯರ ಮೈಯಲ್ಲಿ ಮತ್ತೆ ಹತ್ತು ಹನ್ನೆರಡು ದಿನ. ಮೊದಲ ವಾರವೇ ಮಾತ್ರೆ ತಲುಪಿ, ತೊಟ್ಟಿ ಬರಿದಾಗಿದ್ದರೆ ಮಗುವಿಗೆ ಜ್ವರ ಬರುವ ಸಂಭವ ತೀರಾ ಕಡಿಮೆ ಇತ್ತು.

"ಹೌದು ಅಂತ ಕಾಣುತ್ತವ್ವ" ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಸೂಜಿ ಬಿಚ್ಚಿ ಮಗುವಿನ ಕೈಗೆ ಕೈ ಚಾಚಿದಾಗ, ಮಗುವನ್ನು ತನ್ನ ಕಡೆ ಎಳೆದುಕೊಂಡಳು.

"ನೀವು ಬ್ಯಾಡ್ರಿ" ಎಂದಳು. "ಆ ತಮ್ಮ ಚುಚ್ಲಿ."

ಸೂಜಿಯನ್ನು ಅವನಿಗೆ ಕೊಟ್ಟೆ. ಅವನು ಮಂಡಿಯೂರಿ, ಮಗುವಿನ ಉಂಗುರದ ಬೆರಳು ಒರೆಸಿ, ಏನೋ ಕೇಳಿ ನಗಿಸಿ, ನಗುತ್ತಿರುವಾಗಲೇ ಚುಚ್ಚಿದ. ಹನಿ ಸರಿಯಾದ ಗಾತ್ರದಲ್ಲಿ ನಿಂತಿತು. ನಾನು ಪಕ್ಕದಲ್ಲಿ ಗಾಜು ಹಿಡಿದು ನಿಂತಿದ್ದೆ. ನನ್ನ ಹೊಟ್ಟೆಯೊಳಗಿನ ಉರಿ ಅಲ್ಲೇ ಇತ್ತು, ಮುಂಚಿಗಿಂತ ಜಾಸ್ತಿಯೇ ಇತ್ತು. ಹನಿಯನ್ನು ಗಾಜಿನ ಮೇಲೆ ತೆಗೆದುಕೊಂಡು, ಲೇಪ ಮಾಡಿ, ನಂಬರು ಬರೆದು ಒಣಗಲು ಇಟ್ಟೆ.